ಕೊಟ್ರಮ್ಮನ ವಿಮಾನದಲ್ಲಿದ್ದ ಹೆಚ್ಚಿನ ಸಾಮಾನು

ಸ್ವಲ್ಪ ಹತ್ತಿರ ಬನ್ನಿ. ದನಿ ಎತ್ತಿ ಹೇಳುವ ಮಾತಲ್ಲ ಇದು. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು. ನಿಮ್ಮ ಓರಗಿತ್ತಿಗಂತೂ ಹೇಳಲೇಬಾರದು, ಅವಳಿಗೆ ಹೇಳುವುದೂ ಒಂದೇ, ಸಂತೆಯಲ್ಲಿ ನಿಂತು ಹೇಳುವುದೂ ಒಂದೇ.

ಬೀಜದ ಕಂಪನಿಯ ಕೊಟ್ರಮ್ಮ ಇದ್ದಾಳಲ್ಲ, ಗಂಡ ಹೋದ ಮೇಲೆ ವಿಮಾನ ಹಾರಿಸುವುದು ಕಲಿತವಳು, ಅವಳದೇ ವಿಷಯ.

ಹೊಳೆ ದಂಡೆಯಲ್ಲಿ, ಮುಚ್ಚಿಹೋದ ಕಾರ್ಖಾನೆಯದೊಂದು ವಿಮಾನಪಟ್ಟಿ ಇದೆ. ಅದರ ಪಕ್ಕಕ್ಕೇ ಕೊಟ್ರಮ್ಮನ ಮನೆ. ಬೇಲಿಯ ಆಚೆಗೆ ಬೋಪಯ್ಯ ಮೇಷ್ಟ್ರ ತಗಡಿನ ಶೆಡ್ಡು. ವಾಯುಸೇನೆಯಲ್ಲಿ ಹುಡುಗರಿಗೆ ಹಾರಾಟ ಕಲಿಸಿ ಕಲಿಸಿ ಮುದುಕರಾದವರು. ಒಂದು ಚಾಪೆ, ಒಂದು ಸ್ಟೋವು, ಒಂದು ಹೂಜಿ, ಅಷ್ಟೇ ಸಂಸಾರ. ಸನ್ಯಾಸಿ ಅಂದುಬಿಡಬಹುದಿತ್ತು, ಬೀಡಿ ಸೇದದೆ ಇದ್ದಿದ್ದರೆ.

ಅವರೇ ಅವಳಿಗೆ ಗುರು. ಮೂರು ವರ್ಷ ಒಂದು ಪುಟ್ಟ ವಿಮಾನದಲ್ಲಿ ಕಲಿಸಿದ್ದರು. ನಿಧಾನದ ವಿಮಾನ ಅದು. ಚಕ್ರಗಳು ಯಾವಾಗಲೂ ಕೆಳಗೇ ಇಳಿಬಿದ್ದಿರುತ್ತಿದ್ದವು, ಕಟ್ಟೆಯ ಮೇಲೆ ಕೂತ ಮುದುಕನ ಕಾಲಿನ ಹಾಗೆ.

ಕೊಟ್ರಮ್ಮನಿಗೆ ಅದು ಸಾಕೆನಿಸಲಿಲ್ಲ. ಅದನ್ನು ಮಾರಿ ಇನ್ನೊಂದು ತಂದಳು. ಅದೂ ಹೊಸದಲ್ಲ, ಬೇರೆ ಯಾರೋ ಇಪ್ಪತ್ತು ವರ್ಷ ಹಾರಿಸಿ ಕೊಟ್ಟದ್ದು. ಆದರೆ ಓಟ ಹಳೆಯದರ ಎರಡರಷ್ಟು. ಮೇಲೇರಿದ ಮೇಲೆ ಚಕ್ರಗಳನ್ನು ಹೊಟ್ಟೆಯೊಳಗೆ ಮಡಚಿಕೊಳ್ಳುತ್ತದೆ. ಇಳಿಯುವ ಮುಂಚೆ ನೆನಪಿಟ್ಟು ನಾವೇ ಕೆಳಗಿಳಿಸಬೇಕು. ಮರೆತರೆ ಹೊಟ್ಟೆ ಉಜ್ಜಿಕೊಂಡು ಬೀಳುವುದೇ.

ಅವಳಿಗೆ ಅವಸರ ಇತ್ತು. ಹದಿನಾರು ದಿನಕ್ಕೆ ಮೈದುನ ಹಾಲೇಶಪ್ಪನ ಮಗಳ ನಿಶ್ಚಿತಾರ್ಥ, ಕೊಟ್ರಮ್ಮನ ಮನೆ ಮುಂದೆಯೇ ಶಾಮಿಯಾನ. ಹೆಂಗಸಿನ ಕೈಗೆ ಕಂಪನಿ ಸಿಕ್ಕಿದ್ದೇ ತಪ್ಪು, ಈಗ ವಿಮಾನ ಬೇರೆ ಅಂತ ಹಾಲೇಶಪ್ಪ ಬೀಗರ ಮನೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆ ದಿನ ನೆಂಟರೆಲ್ಲ ನೋಡುತ್ತಿರುವಾಗ ಒಬ್ಬಳೇ ಹಾರಿ ಬಂದು ಇಳಿಯುತ್ತೇನೆ ಅಂತ ಕೊಟ್ರಮ್ಮ ಫೋನು ಮಾಡಿ ಮಾಡಿ ಹೇಳಿಟ್ಟಿದ್ದಳು.

ಇಂಥ ವಿಮಾನದಲ್ಲಿ ಒಬ್ಬಳೇ ಹಾರಬೇಕಾದರೆ ಹಾರಾಟದ ಪುಸ್ತಕದಲ್ಲಿ ಗುರುಗಳ ಸಹಿ ಬೇಕು. ಹಣ್ಣಿನ ತಟ್ಟೆ ಹಿಡಿದುಕೊಂಡು ಬೇಲಿ ದಾಟಿದಳು.

ಮೇಷ್ಟ್ರು ಬಂದು ವಿಮಾನವನ್ನು ಒಂದು ಸುತ್ತು ಹಾಕಿದರು. ಹಲಸಿನ ಹಣ್ಣು ನೋಡುವ ಹಾಗೆ ಅದರ ಹೊಟ್ಟೆ ತಟ್ಟಿದರು.

"ಒಂದು ಸಾಮಾನು ಜಾಸ್ತಿ ಇದೆ ತಾಯಿ. ಅದನ್ನ ಇಳಿಸು, ಆಮೇಲೆ ಸಹಿ."

ಕೊಟ್ರಮ್ಮ ಹಿಂದಿನ ಸೀಟಿನ ದಿಂಬುಗಳನ್ನು ಇಳಿಸಿದಳು. ಸ್ಪ್ಯಾನರ್ ಪೆಟ್ಟಿಗೆ ಇಳಿಸಿದಳು. ಮುಂದೆ ಕೂರಿಸಿದ್ದ ಬೆಳ್ಳಿ ಗಣಪನನ್ನೂ ಕೈಮುಗಿದು ಮನೆಯೊಳಗಿಟ್ಟು ಬಂದಳು.

ಮೇಷ್ಟ್ರು ಇಣುಕಿ ನೋಡಿದರು. "ಇನ್ನೂ ಇದೆ."

ಏನು ಅಂತ ಕೇಳಿದರೆ ಬೀಡಿ ಹಚ್ಚಿದರು.

ಮರುದಿನದಿಂದ ಶುರುವಾಯಿತು ನೋಡಿ ಊರಿಗೆ ಹಬ್ಬ. ಮೇಷ್ಟ್ರು ಅವಳನ್ನು ನಿಂತ ವಿಮಾನದಲ್ಲಿ ಕೂರಿಸಿ, ತಾವೂ ಪಕ್ಕದಲ್ಲಿ ಕೂತು, ತಮ್ಮ ಟವೆಲಿನಿಂದ ಅವಳ ಕಣ್ಣು ಕಟ್ಟಿದರು. ಹಾಲಿನ ದುರುಗವ್ವ ಕಣ್ಣಾರೆ ಕಂಡವಳು. ಮುದುಕ, ವಿಧವೆ, ಕಟ್ಟಿದ ಕಣ್ಣು, ಮುಚ್ಚಿದ ಬಾಗಿಲು. ಮಧ್ಯಾಹ್ನದ ಹೊತ್ತಿಗೆ ಮೂರು ಓಣಿಗೆ ಗೊತ್ತಾಯಿತು, ಸಂಜೆಗೆ ಹಾಲೇಶಪ್ಪನಿಗೆ.

ಒಳಗೆ ನಡೆದದ್ದು ಇಷ್ಟೇ. ಮೇಷ್ಟ್ರು ಒಂದೊಂದು ಹಿಡಿಕೆಯ ಹೆಸರು ಹೇಳುವುದು, ಅವಳು ಕೈಯಿಂದ ತಡವಿ ಮುಟ್ಟುವುದು. ಚಕ್ರ. ಎಣ್ಣೆ. ರೆಕ್ಕೆಯ ಹಲಗೆ. ತಪ್ಪಿದರೆ ಮೊದಲಿಂದ. ಹಳೇ ವಿಮಾನದಲ್ಲಿ ಯಾವುದು ಎಲ್ಲಿತ್ತೋ ಅಲ್ಲಿಗೇ ಅವಳ ಕೈ ಹೋಗುತ್ತಿತ್ತು. ಐದು ದಿನ ಹೀಗೇ ಕಳೆಯಿತು.

"ಊರವರು ಏನೇನೋ ಆಡಿಕೊಳ್ತಿದ್ದಾರೆ ಮೇಷ್ಟ್ರೇ," ಅಂದಳು ಕೊಟ್ರಮ್ಮ. ಅವಳ ಮುಖ ಕೆಂಪಾಗಿತ್ತು.

"ಆಡಿಕೊಳ್ಳಲಿ. ಚಕ್ರ ಎಲ್ಲಿ, ಮುಟ್ಟು."

ಮುಟ್ಟಿದಳು. ಅದು ಚಕ್ರದ್ದಾಗಿರಲಿಲ್ಲ.

ಆರನೇ ದಿನ ಮೇಲೆ ಹಾರಿದರು. ವಾಪಸು ಬರುವಾಗ ಹೊಳೆಯ ಸೇತುವೆ ದಾಟಿತು, ಊರ ನೀರಿನ ಟ್ಯಾಂಕು ಹತ್ತಿರ ಬಂತು. ಹಳೇ ವಿಮಾನದಲ್ಲಿ ಅವಳ ಗುರುತು ಆ ಟ್ಯಾಂಕೇ. ಅಲ್ಲಿಗೆ ಬಂದ ಮೇಲೆ ವೇಗ ತಗ್ಗಿಸಿದರೆ ಸರಿಹೋಗುತ್ತಿತ್ತು. ಇದರಲ್ಲಿ ಟ್ಯಾಂಕು ಕಂಡು ಕೈ ಮುಂದೆ ಮಾಡುವಷ್ಟರಲ್ಲಿ ಟ್ಯಾಂಕೇ ಹಿಂದೆ ಬಿದ್ದಿತ್ತು. ವೇಗ ಇಳಿಯದೆ ಚಕ್ರ ಇಳಿಸುವಂತಿಲ್ಲ, ಇಳಿಸಿದರೆ ಮುರಿದುಕೊಳ್ಳುತ್ತದೆ.

"ಎಲ್ಲಿದ್ದೀಯ ತಾಯಿ?"

"ಟ್ಯಾಂಕು ದಾಟಿದೆ ಮೇಷ್ಟ್ರೇ."

"ಅದು ವಿಮಾನ ಇರೋ ಜಾಗ. ನೀನೆಲ್ಲಿದ್ದೀಯ?"

ಅವಳಿಗೆ ಅರ್ಥವಾಗಲಿಲ್ಲ. ಮೇಷ್ಟ್ರು ತಾವೇ ಹಿಡಿದು, ಇನ್ನೊಂದು ಸುತ್ತು ಹಾಕಿ ಇಳಿಸಿದರು. ಆಮೇಲೆ ದಿನವೂ ಅದೇ ಪ್ರಶ್ನೆ. ಅವಳು ಊರು ಹೇಳಿದಳು, ಎತ್ತರ ಹೇಳಿದಳು, ದಿಕ್ಕು ಹೇಳಿದಳು. ಮೇಷ್ಟ್ರು ಯಾವುದಕ್ಕೂ ಹೂಂ ಅನ್ನಲಿಲ್ಲ.

ನಿಶ್ಚಿತಾರ್ಥದ ದಿನ ಬಂತು. ಸಹಿ ಬರಲಿಲ್ಲ.

ಕೊಟ್ರಮ್ಮ ಬೆಳಿಗ್ಗೆಯೇ ರೇಷ್ಮೆ ಸೀರೆ ಉಟ್ಟು ಶೆಡ್ಡಿನ ಮುಂದೆ ನಿಂತಳು. ಇವತ್ತು ಹಾರದಿದ್ದರೆ ಕಂಪನಿಯಲ್ಲೂ ನನ್ನ ಮಾತು ನಡೆಯುವುದಿಲ್ಲ, ಹಾಲೇಶಪ್ಪ ಅದಕ್ಕೇ ಕಾಯುತ್ತಿದ್ದಾನೆ ಅಂತ ಗೋಗರೆದಳು. ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ನಡೆ ಅಂದರು. ಸಹಿ ಇಲ್ಲದ ಮೇಲೆ ಪಕ್ಕದಲ್ಲಿ ನಾನಿರಬೇಕು ಅಂತಲೂ ಸೇರಿಸಿದರು.

ಹೊಳೆಗುಂಟ ದೂರ ಹೋಗಿ ತಿರುಗಿದರು. ಸೇತುವೆ ಇನ್ನೂ ಆಚೆ ಇರುವಾಗ ಅವಳು ಬಾಯಿಬಿಟ್ಟಳು. ಇದನ್ನೇ ನಾನು ಯಾರಿಗೂ ಹೇಳಬೇಡಿ ಅಂದದ್ದು.

"ಮೇಷ್ಟ್ರೇ, ತಪ್ಪು ತಿಳೀಬೇಡಿ. ಇಳಿಯುವಾಗ ಒಂಚೂರು ತಲೆ ಬಗ್ಗಿಸಿ ಕೂತ್ಕೊಳ್ತೀರಾ? ನಾನೊಬ್ಬಳೇ ಇದ್ದ ಹಾಗೆ ಕಾಣಲಿ."

ಗುರುವಿಗೆ ಹೇಳುವ ಮಾತೇ ಅದು?

ಮೇಷ್ಟ್ರು ಬಗ್ಗಿದರು. ಟವೆಲನ್ನು ತಲೆ ಮೇಲೆ ಎಳೆದುಕೊಂಡು, ಮೊಣಕಾಲಿಗೆ ಹಣೆ ಹಚ್ಚಿ, ಅಕ್ಕಿಮೂಟೆ ಕೂತ ಹಾಗೆ ಕೂತುಬಿಟ್ಟರು. ಈಗ ಹೊರಗೆ ನೋಡುವವಳು ಅವಳೊಬ್ಬಳೇ.

ಅವಳಿಗೆ ಕಂಡದ್ದು ಶಾಮಿಯಾನ. ಕೆಂಪು ಹಳದಿ ಬಟ್ಟೆ, ಅದರ ಕೆಳಗೆ ಎದ್ದು ನಿಂತ ಜನ, ಮುಂದೆ ಮೊಬೈಲು ಎತ್ತಿ ಹಿಡಿದ ಹಾಲೇಶಪ್ಪ. ಎಡಕ್ಕೆ ಇಳಿಯಬೇಕೋ ಬಲಕ್ಕೋ, ಮೊದಲು ಯಾರಿಗೆ ನಮಸ್ಕಾರ, ಹಾಲೇಶಪ್ಪನಿಗೆ ಏನು ಅನ್ನಬೇಕು, ಎಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡಳು. ಇಂಜಿನ್ನಿನ ಸದ್ದು ತಗ್ಗಿಸಿದಳು.

ಪೀ ಅಂತ ಎಚ್ಚರಿಕೆಯ ಹಾರನ್ನು ಕೂಗಿತು. ಚಕ್ರ ಇಳಿದಿರಲಿಲ್ಲ. ಟ್ಯಾಂಕು ಹಿಂದೆ ಬಿದ್ದಿತ್ತು.

ಟವೆಲಿನ ಒಳಗಿಂದ ದನಿ ಬಂತು. "ಎಲ್ಲಿದ್ದೀಯ ತಾಯಿ?"

ಪಟ್ಟಿ ಎದುರಿಗೇ ಇತ್ತು, ಜನವೂ ಎದುರಿಗೇ ಇದ್ದರು.

"ಶಾಮಿಯಾನದಲ್ಲಿದ್ದೀನಿ ಮೇಷ್ಟ್ರೇ," ಅಂದಳು. "ಆಗಲೇ ಇಳಿದು ನಿಂತಿದ್ದೀನಿ."

ಹಾಗೆಂದವಳೇ ಇಂಜಿನ್ನಿಗೆ ಪೂರ್ತಿ ಜೋರು ಕೊಟ್ಟು ಮೂತಿ ಮೇಲೆತ್ತಿದಳು.

ವಿಮಾನ ಜನರ ತಲೆ ಮೇಲೆ ಭೋರೆಂದು ಹಾದು ಹೋಯಿತು. ಎಲೆ ಅಡಿಕೆ ತಟ್ಟೆಯಿಂದ ಎದ್ದು ಹಾರಿದವು. ಬೀಗರ ಕಡೆಯ ಹಿರಿಯರ ರುಮಾಲು ಬಿಚ್ಚಿಕೊಂಡಿತು. ಇಳಿಯೋಕೆ ಬರಲ್ಲ ಅಂತ ಹಾಲೇಶಪ್ಪ ಮೊಬೈಲಿಗೆ ಹೇಳುತ್ತಲೇ ಇದ್ದ, ಜನ ನಗುತ್ತಲೇ ಇದ್ದರು.

ಕೊಟ್ರಮ್ಮ ದೂರ ಹೋಗಿ ತಿರುಗಿದಳು. ಈ ಸಲ ಸೇತುವೆ ಮುಟ್ಟುವ ಮುಂಚೆಯೇ ವೇಗ ತಗ್ಗಿಸಿದಳು. ಸೇತುವೆಯ ಮೇಲೆ ಚಕ್ರ ಇಳಿಸಿದಳು, ಅದರ ಹಿಡಿಕೆಯನ್ನು ಕಣ್ಣಿಂದ ಹುಡುಕಲಿಲ್ಲ. ಟ್ಯಾಂಕು ಬರುವ ಹೊತ್ತಿಗೆ ಅವಳಿಗೆ ಮಾಡುವುದೇನೂ ಉಳಿದಿರಲಿಲ್ಲ.

"ಮೇಷ್ಟ್ರೇ, ಇನ್ನು ಸಾಕು, ತಲೆ ಎತ್ತಿ," ಅಂದಳು.

ಮೇಷ್ಟ್ರು ತಲೆ ಎತ್ತಿದರು. ಹಾಗೆ ಇಬ್ಬರೂ ಎಲ್ಲರಿಗೂ ಕಾಣುವಂತೆ ಬಂದು ಇಳಿದರು.

ಶಾಮಿಯಾನದ ಬಾಗಿಲಲ್ಲಿ ಹಾಲೇಶಪ್ಪ ಕಾದಿದ್ದ. "ಮುಂದಿನ ಸಲ ಬಸ್ಸಲ್ಲೇ ಬಂದುಬಿಡಿ ಅತ್ತಿಗೆ. ಮೇಷ್ಟ್ರನ್ನೂ ಕರ್ಕೊಂಡು."

ಹಿಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಕೊಟ್ರಮ್ಮ ಹುಡುಗಿಗೆ ಉಡುಗೊರೆ ಕೊಟ್ಟಳು, ಊಟಕ್ಕೆ ಕೂರದೆ ಬೇಲಿ ದಾಟಿದಳು.

ಮೇಷ್ಟ್ರು ಶೆಡ್ಡಿನ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದರು.

"ಪುಸ್ತಕ ಕೊಡು," ಅಂದರು.

ಕೊಟ್ಟಳು. ಬರೆದು ಸಹಿ ಹಾಕಿದರು. ಅವಳು ಆ ಸಹಿಯನ್ನೂ ಅವರನ್ನೂ ನೋಡಿದಳು.

"ಇವತ್ತಾ ಮೇಷ್ಟ್ರೇ? ಇವತ್ತು ಇಷ್ಟು ಜನರ ಮುಂದೆ ನನ್ನ ಮರ್ಯಾದೆ ಎಲ್ಲ ಹೋಯ್ತು."

ಬೋಪಯ್ಯ ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. ಅವಳ ಮುಖಕ್ಕೆ ಮುಖ ಕೊಟ್ಟು ಅಂದರು:

"ಆ ಒಂದು ಸಾಮಾನು ಇಳಿಸೋಕೆ ನಿನಗೆ ಹದಿನಾರು ದಿನ ಬೇಕಾಯ್ತು ತಾಯಿ."