ಬೆಣ್ಣೆ ಮೊಸರಿನೊಳಗೆ ಅಡಗಿದ್ದು

ಹೊಳೆಗಳಿಗೆ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ, ಭೂಮಿ ಅಷ್ಟು ಹೊಸದಾಗಿತ್ತು. ಆಗ ಬೆಣ್ಣೆಗಾಗಿ ಯಾರೂ ಮೊಸರು ಕಡೆಯುತ್ತಿರಲಿಲ್ಲ. ಕಡೆಯುವುದು ಎಂದರೆ ಕೋಲಿನಿಂದ ಗರಗರ ತಿರುಗಿಸುವುದು. ಅದರ ಅಗತ್ಯವೇ ಇರಲಿಲ್ಲ. ಬೆಣ್ಣೆ ಒಂದೇ ಉಂಡೆಯಾಗಿ, ಕೆರೆಯಲ್ಲಿ ಮಲಗಿದ ಎಮ್ಮೆಯಂತೆ, ಮೊಸರಿನ ಮೇಲೆ ಆರಾಮವಾಗಿ ತೇಲುತ್ತಿತ್ತು. ಬೇಕಾದವರು ಕೈಹಾಕಿ ತೆಗೆದುಕೊಳ್ಳುತ್ತಿದ್ದರು.

ಬೆಟ್ಟದ ಕೆಳಗೆ, ಹೊಳೆಯ ದಂಡೆಯ ಗುಡಿಸಲಿನಲ್ಲಿ, ಎಮ್ಮೆ ಸಾಕುವ ಕೆಂಚವ್ವ ಎಂಬ ಹೆಂಗಸು ಇದ್ದಳು. ಅವಳಿಗೊಂದು ಎಳೆಗೂಸು. ಆ ಕಾಲದ ತಾಯಂದಿರು ದಿನವೂ ಕೂಸಿನ ನೆತ್ತಿಗೆ ಬೆಣ್ಣೆ ಇಡುತ್ತಿದ್ದರು. ನೆತ್ತಿ ಎಂದರೆ ತಲೆಯ ನಡುವಿನ ಮೆತ್ತನೆಯ ಜಾಗ. ಎಳೆಗೂಸಿಗೆ ಅಲ್ಲಿ ಎಲುಬು ಇನ್ನೂ ಕೂಡಿರುವುದಿಲ್ಲ. ಬೆರಳಿಟ್ಟರೆ ಒಳಗೆ ಜೀವ ಮಿಡಿಯುವುದು ತಿಳಿಯುತ್ತದೆ. ಅಲ್ಲಿ ಇಟ್ಟ ಬೆಣ್ಣೆ ಕೂಸಿನ ಮೈಬಿಸಿಗೆ ಮೆಲ್ಲಗೆ ಕರಗಿ ಇಳಿಯುತ್ತಿತ್ತು. ಕೂಸು ತಂಪಾಗಿ ನಿದ್ದೆ ಹೋಗುತ್ತಿತ್ತು.

ಒಂದು ಮಾಗಿಯ ಬೆಳಗ್ಗೆ ಕೂಸಿಗೆ ಜ್ವರ ಬಂತು. ಮಾಗಿ ಎಂದರೆ ಕೊರೆಯುವ ಚಳಿಯ ಕಾಲ. ಹೊರಗೆ ಮಂಜು, ಒಳಗೆ ಕೂಸಿನ ಮೈ ಕೆಂಡ. ಕೆಂಚವ್ವ ಓಡಿಹೋಗಿ ಗಡಿಗೆಗೆ ಕೈಹಾಕಿದಳು. ಬೆಣ್ಣೆ ಚಳಿಗೆ ಕಲ್ಲಾಗಿತ್ತು.

“ಇಷ್ಟು ಗಟ್ಟಿಯಾದದ್ದನ್ನು ಇಟ್ಟರೆ ನನ್ನ ಕೂಸಿನ ನೆತ್ತಿ ನೋಯುತ್ತದಲ್ಲ” ಎಂದುಕೊಂಡು ಅವಳು ಗಡಿಗೆಯನ್ನು ಒಲೆಯ ಪಕ್ಕಕ್ಕೆ ಸರಿಸಿದಳು. ಬೆಣ್ಣೆ ಸ್ವಲ್ಪ ಮೆತ್ತಗಾಗಲಿ ಎಂಬುದಷ್ಟೇ ಅವಳ ಆಸೆ. ಆದರೆ ಅದುವರೆಗೆ ಯಾರೂ ಮೊಸರಿನ ಗಡಿಗೆಯನ್ನು ಬೆಂಕಿಯ ಬಳಿ ಒಯ್ದಿರಲಿಲ್ಲ. ಬೆಣ್ಣೆ ಬೆಂಕಿಯನ್ನು ನೋಡಿಯೇ ಇರಲಿಲ್ಲ.

ಬೆಂಕಿ ನಾಲಿಗೆ ಚಾಚಿ ಕೇಳಿತು, “ಯಾರಪ್ಪ ನೀನು, ಇಷ್ಟು ಬೆಳ್ಳಗೆ?”

ಬೆಣ್ಣೆ ಬೆವರಿತು. ಬೆವರಿ ಸಡಿಲವಾಯಿತು. ಸಡಿಲವಾಗಿ, ಲೆಕ್ಕವಿಲ್ಲದಷ್ಟು ಹನಿಗಳಾಗಿ ಒಡೆದು, ಮೊಸರಿನೊಳಕ್ಕೆ ಧುಮುಕಿತು. ಪ್ರತಿ ಹನಿಯೂ ಹಾಲಿನದೇ ಒಂದು ತೆಳು ಅಂಗಿ ಮಾಡಿಕೊಂಡು ತೊಟ್ಟಿತು. ಅಂಗಿ ಯಾಕೆಂದರೆ, ಒಂದಕ್ಕೊಂದು ಅಂಟಿ ಮತ್ತೆ ಉಂಡೆಯಾದರೆ ಬೆಂಕಿಯ ಕಣ್ಣಿಗೆ ಬೀಳುತ್ತೇವೆ ಎಂಬ ಹೆದರಿಕೆ.

ಕೆಂಚವ್ವ ಕೈಹಾಕಿದಾಗ ಸಿಕ್ಕಿದ್ದು ಬರೀ ಬಿಳಿ ನೀರು.

“ಎಲ್ಲಿ ಹೋದಿರೋ? ಬನ್ನಿರೋ, ಕೂಸು ಸುಡುತ್ತಿದೆ!”

“ಜಾರಿ ಜಾರಿ ಹೋಗುತ್ತಿದ್ದೇವೆ, ನಿಲ್ಲಲಾರೆವು” ಎಂದವು ಹನಿಗಳು. “ನಮ್ಮನ್ನು ಬೆಂಕಿಗೆ ಒಪ್ಪಿಸಿದವಳು ನೀನೇ ಅಲ್ಲವೇ? ಈಗ ಕರೆಯುತ್ತೀಯ!”

ಕೆಂಚವ್ವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡಳು, ಗಡಿಗೆಯನ್ನು ಸೊಂಟಕ್ಕೆ ಏರಿಸಿಕೊಂಡಳು, ಬೆಟ್ಟ ಹತ್ತಿದಳು. ಬೆಟ್ಟದ ತುದಿಯಲ್ಲಿ ಚಳಿಗಾಳಿ ವಾಸವಾಗಿತ್ತು. ಕರಗಿದ್ದನ್ನು ಗಟ್ಟಿ ಮಾಡುವುದು ಚಳಿಗಾಳಿಗೆ ಮಾತ್ರ ಗೊತ್ತು, ಅದಕ್ಕೇ ಅವಳು ಅಲ್ಲಿಗೆ ಹೋದಳು.

“ಏನವ್ವ, ಬೆಂಕಿಯ ನೆಂಟಳು ನನ್ನ ಬಾಗಿಲಿಗೆ?” ಚಳಿಗಾಳಿ ಮೂತಿ ತಿರುಗಿಸಿತು. “ಸರಿ, ಇತ್ತ ಇಡು. ಗಟ್ಟಿ ಮಾಡುತ್ತೇನೆ. ನನಗೆ ಬರುವ ಕೆಲಸ ಅದೊಂದೇ.”

ಅದು ಊದಿತು. ಹನಿಗಳೆಲ್ಲ ರಾಗಿಕಾಳಿನಂತೆ ಗಟ್ಟಿಯಾದವು. ಆದರೆ ಒಂದು ಹನಿ ಇನ್ನೊಂದಕ್ಕೆ ತಾಗಿದರೆ ಟಣ್ ಎಂದು ಆಚೆ ಉರುಳುತ್ತಿತ್ತು.

“ಅಂಟಿಕೊಳ್ಳಿರೋ, ನಿಮ್ಮ ಕಾಲಿಗೆ ಬೀಳುತ್ತೇನೆ!”

“ಹೇಗೆ ಅಂಟುವುದು ತಾಯಿ? ಮೈ ಮರಗಟ್ಟಿದೆ. ಪಕ್ಕದವನನ್ನು ಅಪ್ಪಿಕೊಳ್ಳೋಣವೆಂದರೆ ತೋಳು ಬಗ್ಗುತ್ತಿಲ್ಲ.”

ಬಿಸಿಯಾದಾಗ ಅವು ತೀರ ಮೆತ್ತಗಾಗಿದ್ದವು, ಆದ್ದರಿಂದ ಹಿಡಿದುಕೊಳ್ಳಲಾಗಲಿಲ್ಲ. ಈಗ ತೀರ ಗಟ್ಟಿಯಾಗಿದ್ದವು, ಆದ್ದರಿಂದಲೂ ಹಿಡಿದುಕೊಳ್ಳಲಾಗಲಿಲ್ಲ.

ಕೆಂಚವ್ವ ಬೆಟ್ಟ ಇಳಿದಳು. ಕೂಸಿನ ಜ್ವರ ಅವಳ ಬೆನ್ನನ್ನು ಸುಡುತ್ತಿತ್ತು. ಗುಡಿಸಲಿನ ಹಿಂದೆ ಹೊಳೆಯ ಪಕ್ಕ ಕುಸಿದು ಕೂತು ಅತ್ತಳು.

“ಅತ್ತದ್ದು ಸಾಕು ಮಗಳೇ” ಎಂದಿತು ಹೊಳೆ. “ಆ ಬೆಂಕಿಯೂ ಅತಿ, ಆ ಗಾಳಿಯೂ ಅತಿ. ಹೋಗಿ ಹೋಗಿ ಅವರನ್ನೇ ಕೇಳಿದೆಯಲ್ಲ! ನನ್ನದೊಂದು ಬೊಗಸೆ ತಣ್ಣೀರು, ನಿನ್ನ ಒಲೆಯ ಮೇಲಿನದೊಂದು ಬೊಗಸೆ ಬಿಸಿನೀರು ಗಡಿಗೆಗೆ ಹಾಕು. ಆಮೇಲೆ ನನ್ನ ಸುಳಿ ನೋಡು. ಎಲ್ಲೆಲ್ಲಿಯ ಎಲೆಗಳೋ ಅಲ್ಲಿ ತಿರುಗಿ ತಿರುಗಿ ಒಂದಾಗುತ್ತವೆ. ನೀನೂ ಹಾಗೆ ತಿರುಗಿಸು.”

ಕೆಂಚವ್ವ ಎರಡು ನೀರನ್ನೂ ಬೆರೆಸಿದಳು. ಒಂದು ಕೊಂಬೆ ಮುರಿದು ಗಡಿಗೆಯಲ್ಲಿಟ್ಟು ತಿರುಗಿಸಿದಳು. ಗರಗರ, ಗರಗರ.

ಈಗ ಹನಿಗಳು ಪೂರ್ತಿ ಮೆತ್ತಗೂ ಇರಲಿಲ್ಲ, ಪೂರ್ತಿ ಗಟ್ಟಿಯೂ ಇರಲಿಲ್ಲ. ಹದಕ್ಕೆ ಬಂದಿದ್ದವು. ಒಂದಕ್ಕೊಂದು ಡಿಕ್ಕಿ ಹೊಡೆದವು. ಅಂಗಿಗಳು ಹರಿದವು. ಹರಿದ ಅಂಗಿಯಿಂದ ಒಂದರ ತೋಳು ಚಾಚಿತು, ಇನ್ನೊಂದು ಅದನ್ನು ಹಿಡಿದುಕೊಂಡಿತು.

ಗರಗರ, ಗರಗರ. ಹೊತ್ತು ಇಳಿಯುತ್ತಿತ್ತು. ಅವಳ ಬೆನ್ನಿನ ಮೇಲಿನ ಬಿಸಿಯೂ ಇಳಿಯತೊಡಗಿತು.

“ಜ್ವರ ಬಿಡುತ್ತಿದೆ!” ಕೆಂಚವ್ವನಿಗೆ ಜೀವ ಬಂದಂತಾಯಿತು. “ಇನ್ನು ಸ್ವಲ್ಪ ತಡಿಯೋ ಕಂದ, ಬಂತು, ಈಗ ಬಂತು.” ಮತ್ತೂ ಜೋರಾಗಿ ತಿರುಗಿಸಿದಳು.

ಬೆಣ್ಣೆ ಬಂತು. ಬೆಳ್ಳಗೆ, ಮೆತ್ತಗೆ, ಅವಳು ಬೆಳಗಿನಿಂದ ಬೇಡಿಕೊಂಡ ಹಾಗೆಯೇ. ಅವಳು ಕೂಸನ್ನು ಬಿಚ್ಚಿ ತೊಡೆಯ ಮೇಲೆ ಮಲಗಿಸಿ, ನೆತ್ತಿಯ ಮೇಲೆ ಸಣ್ಣ ಉಂಡೆ ಇಟ್ಟು, ಕಾದಳು.

ಬೆಣ್ಣೆ ಕರಗಲಿಲ್ಲ.

ಇಟ್ಟಲ್ಲೇ ಕೂತಿತ್ತು. ಕೆಂಚವ್ವ ನೆತ್ತಿಗೆ ಬೆರಳಿಟ್ಟು ನೋಡಿದಳು. ಒಳಗೆ ಮಿಡಿತವಿರಲಿಲ್ಲ.

ಬೆಣ್ಣೆ ಹೇಳಿತು, “ಅವ್ವಾ, ನಾವು ತಡ ಮಾಡಿದೆವು.”

“ನಾಳೆ ಇನ್ನೊಬ್ಬ ತಾಯಿ ಬರುತ್ತಾಳೆ” ಎಂದಳು ಕೆಂಚವ್ವ. ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. “ಅವಳನ್ನು ಬೆಟ್ಟ ಹತ್ತಿಸಬೇಡಿ.”

“ಬೆಂಕಿಯ ಹೆದರಿಕೆ ನಮ್ಮನ್ನು ಬಿಡುವುದಿಲ್ಲ. ಅಡಗದೆ ಇರಲಾರೆವು” ಎಂದಿತು ಬೆಣ್ಣೆ. “ಆದರೆ ಹದ ನೋಡಿ ಕರೆದರೆ ಬರುತ್ತೇವೆ. ಅಷ್ಟು ಮಾತು ಕೊಡುತ್ತೇವೆ.”

ಅದಕ್ಕೇ ಇಂದಿಗೂ ಬೆಣ್ಣೆ ಮೊಸರಿನೊಳಗೆ ಅಡಗಿರುತ್ತದೆ. ಅದಕ್ಕೇ ನಿಮ್ಮ ಅಮ್ಮ ಬೇಸಿಗೆಯಲ್ಲಿ ತಣ್ಣೀರನ್ನೂ ಚಳಿಗಾಲದಲ್ಲಿ ಉಗುರುಬೆಚ್ಚಗಿನ ನೀರನ್ನೂ ಬೆರೆಸಿ ಕಡೆಯುತ್ತಾಳೆ, ಮತ್ತು ಕಡೆಗೋಲಿನ ಸದ್ದು ಭಾರವಾದೊಡನೆ, ತಡವಾಯಿತೇನೋ ಎಂಬಂತೆ, ಕೈ ನಿಲ್ಲಿಸಿ ಗಡಿಗೆಯೊಳಗೆ ಬಗ್ಗಿ ನೋಡುತ್ತಾಳೆ.