ಸೋರದ ಪಂಪು, ಬಿಳಿಯ ಸ್ಪಂಜು

ವಾರಿಜಮ್ಮನವರ ಮೀನಿನ ತೊಟ್ಟಿಯ ನೀರು ಸೋಸುವ ಪಂಪು ಸೋರತೊಡಗಿತು. ಅವರು ಅದನ್ನು ಬಿಚ್ಚಿ, ಒಣಗಿ ಬಿರಿದಿದ್ದ ರಬ್ಬರ್ ವಾಷರ್ ತೆಗೆದು ಹೊಸದನ್ನು ಕೂರಿಸಿದರು.

ಪಂಪು ತನ್ನ ಹೊಟ್ಟೆಯೊಳಗಿನ ಕಂದು ಸ್ಪಂಜಿಗೆ ಹೇಳಿತು: “ನಾನು ರಿಪೇರಿಯಾದೆ. ಇನ್ನು ಈ ಕೊಳಕು ಹೊತ್ತುಕೊಂಡು ನೀನು ನನ್ನೊಳಗೆ ಕೂರಬೇಡ.”

“ಇದು ಕೊಳಕಲ್ಲ,” ಎಂದಿತು ಸ್ಪಂಜು. “ಕಣ್ಣಿಗೆ ಕಾಣದ ಜೀವಗಳು ನನ್ನಲ್ಲಿ ಮನೆ ಮಾಡಿವೆ. ಮೀನುಗಳ ಹೊಲಸು ವಿಷವಾಗದಂತೆ ತಿಂದು ತೀರಿಸುವುದು ಅವೇ. ನಲ್ಲಿ ನೀರಿನ ಕ್ಲೋರಿನ್ ತಗುಲಿದರೆ ಅವು ಉಳಿಯುವುದಿಲ್ಲ.”

“ಕೊಳಕರೆಲ್ಲ ಆಡುವ ಮಾತು ಇದೇ,” ಎಂದಿತು ಪಂಪು.

ವಾರಿಜಮ್ಮನವರಿಗೆ ಇದೊಂದೂ ಕೇಳಿಸಲಿಲ್ಲ. “ಹೇಗೂ ಬಿಚ್ಚಿದ್ದಾಗಿದೆ, ಇದನ್ನೂ ತೊಳೆದುಬಿಡೋಣ,” ಎಂದು ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಬೆಳ್ಳಗಾಗುವವರೆಗೂ ಹಿಂಡಿದರು.

ಪಂಪು ಮತ್ತೆ ಓಡಿತು. ಒಂದು ಹನಿಯೂ ಸೋರಲಿಲ್ಲ. ತೊಟ್ಟಿಯ ನೀರು ತಿಳಿಯಾಗಿ ಹೊಳೆಯಿತು. ನಾಲ್ಕನೆಯ ದಿನ ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲಿದವು.

“ನನ್ನಲ್ಲಿ ಯಾವ ದೋಷವೂ ಇಲ್ಲವಲ್ಲ,” ಎಂದಿತು ಪಂಪು. “ನೀರೂ ತಿಳಿಯಾಗಿದೆ. ಮತ್ತೇಕೆ ಹೀಗಾಯಿತು?”

“ನನ್ನಲ್ಲೂ ಈಗ ಯಾವ ಕೊಳಕೂ ಇಲ್ಲ,” ಎಂದಿತು ಸ್ಪಂಜು. “ಯಾರೂ ಇಲ್ಲ.”