ದಾಸರ ಕೈ ನಿಲ್ಲಲಿಲ್ಲ

ಶ್ರೀ ಸೇತುರಾಮದಾಸರಿಗೆ ಒಂದು ಅಭ್ಯಾಸವಿತ್ತು. ತಾವು ಕಟ್ಟಿದ ಪದವನ್ನು ಯಾರಾದರೂ ಹಾಡಿದರೆ ಕಣ್ಣು ಮುಚ್ಚಿ, ಮೊಣಕಾಲ ಮೇಲೆ ಮೆಲ್ಲಗೆ ತಾಳ ಹಾಕುತ್ತಿದ್ದರು. ಕೊನೆಯ ನುಡಿಯಲ್ಲಿ ‘ತೀರವಿಠಲ’ ಎಂಬ ತಮ್ಮ ಅಂಕಿತ ಬಂದೊಡನೆ ಆ ಕೈ ಎದ್ದು ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಹೆಸರು ದಾಟಿದ ಮೇಲೆ ಇಳಿಯುತ್ತಿತ್ತು. ಬೇರೆ ದಾಸರ ಪದಗಳಿಗಾದರೆ ಕೈ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ತಮ್ಮ ಗುರುತಿಗೆ ತಾವೇ ತಾಳ ಹಾಕಿಕೊಳ್ಳುವುದೆಂದರೆ ಆ ಮಹನೀಯರಿಗೆ ಅಷ್ಟು ಸಂಕೋಚ.

ತುಂಗಭದ್ರೆಯ ದಡದ ಹಳೆಯ ಕಲ್ಲುಮಂಟಪವೇ ಅವರ ವಾಸ. ಒಂದು ಚಾಪೆ, ಒಂದು ತಂಬೂರಿ, ನೀರಿಗೊಂದು ತಾಮ್ರದ ತಂಬಿಗೆ. ಮಧ್ಯಾಹ್ನ ಊರೊಳಗೆ ಬಂದು, ಕರೆದವರ ಮನೆಯಲ್ಲಿ ಉಂಡು ಹೋಗುತ್ತಿದ್ದರು. ಏಕಾದಶಿಯ ಸಂಜೆ ಊರಿನ ಹೆಂಗಸರು ಮಂಟಪಕ್ಕೆ ಬಂದು ಭಜನೆ ಮಾಡುತ್ತಿದ್ದರು. ಎಲ್ಲರ ಹಿಂದೆ, ಕೊನೆಯ ಕಂಬಕ್ಕೆ ಒರಗಿ ಕೂರುವವರು ಗೋದಾಬಾಯಿ. ದಾಸರ ಕೈಯ ಈ ಅಭ್ಯಾಸವನ್ನು ಕಂಡವರು ಬಹುಶಃ ಅವರೊಬ್ಬರೇ.

ಗೋದಾಬಾಯಿಯವರಿಗೆ ಅರವತ್ತು ದಾಟಿತ್ತು. ಯಜಮಾನರು ಸಣ್ಣ ಸಣ್ಣ ರೈಲ್ವೆ ಸ್ಟೇಷನ್ನುಗಳಲ್ಲಿ ಮಾಸ್ತರರಾಗಿದ್ದವರು. ಅವರೊಂದಿಗೆ ಊರೂರು ತಿರುಗಿದ್ದರಿಂದ ಎಲ್ಲಿಯೂ ನೆರೆಯವರ ಗುರುತಾಗುವಷ್ಟು ಕಾಲ ನಿಂತದ್ದಿಲ್ಲ. ಮಕ್ಕಳಾಗಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಮಠದ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದರು. ಬೆಳಗ್ಗೆ ಬಾಗಿಲು ತೆಗೆದರೆ ಸಂಜೆ ಹಾಕುವವರೆಗೂ ಬಾಯಿ ಬಿಚ್ಚುವ ಸಂದರ್ಭ ಬರದ ದಿನಗಳೇ ಹೆಚ್ಚು. ಹಾಗಿದ್ದಾಗ ಒಂದು ಸಂಜೆ, ಅಕ್ಕಿ ತೊಳೆಯುತ್ತ ಕೂತವರ ಬಾಯಲ್ಲಿ ತಾನಾಗಿ ಒಂದು ಸಾಲು ಬಂತು:

ಒಬ್ಬಳ ಊಟಕೆ ಅಕ್ಕಿಯ ತೆಗೆದರೆ
ಇಬ್ಬರಿಗಾಗುವುದೋ ಹರಿಯೇ

ಗೋದಾಬಾಯಿ ಬೆಚ್ಚಿದರು. ಹಿಂದುಗಡೆ ಯಾರೋ ನಿಂತು ಹೇಳಿದಂತಿತ್ತು. ಅನ್ನ ಬೇಯುವಷ್ಟರಲ್ಲಿ ಮುಂದಿನದೂ ಬಂತು:

ಬಾರದ ಜನರಿಗೆ ತೆರೆದಿಹ ಬಾಗಿಲು
ನೀನಾದರು ಬಾರೋ ಹರಿಯೇ

ಆ ರಾತ್ರಿ ಅವರು ಎಷ್ಟೋ ವರ್ಷಗಳ ಮೇಲೆ ಹೊಟ್ಟೆತುಂಬ ಉಂಡರು.

ಯಾರಿಗಾದರೂ ಹೇಳಬೇಕೆಂಬ ಆಸೆ. ಭಜನೆಯ ಮುಂದಾಳು ಇಂದಿರಕ್ಕನವರ ಹತ್ತಿರ, ದೀಪದ ಬತ್ತಿ ಹೊಸೆಯುತ್ತ, ಹೆದರಿ ಹೆದರಿ ಕೇಳಿದರು: “ಇಂದಿರಕ್ಕ, ನಾವ ಒಂದು ಪದಾ ಕಟ್ಟಿದ್ರ ಹೆಂಗ?”

ಇಂದಿರಕ್ಕ ನಕ್ಕುಬಿಟ್ಟರು. “ಕಟ್ಟೂಣಂತ! ಮೊದಲ ಬತ್ತಿ ಸರಿಯಾಗಿ ಹೊಸೀರಿ. ಕೋಲು ಹಿಡಿಯೋ ವಯಸ್ಸಿನಾಗ ಈಕಿಗೆ ತಂಬೂರಿ ಬೇಕಂತ!” ಸುತ್ತ ಕೂತವರೂ ನಕ್ಕರು.

ಗೋದಾಬಾಯಿಯವರೂ ಅವರ ಜೊತೆ ನಕ್ಕರು. ಅಂಕಿತವೆಂದರೆ ಗುರುಗಳು ಕರೆದು ಕೊಡುವ ಹೆಸರು. ಅದಿಲ್ಲದೆ ಪದವಿಲ್ಲ. ತಮಗೆ ಯಾವ ಗುರು, ಯಾವ ಹೆಸರು? ಆದರೆ ಪದ ಮಾತ್ರ ಒಳಗೆ ಸುಮ್ಮನಿರಲೊಲ್ಲದು. ಮುಂದಿನ ವಾರ ಅವರು ಅದರ ಕೊನೆಗೆ ‘ತೀರವಿಠಲ’ ಎಂದು ಸೇರಿಸಿ, “ಇದು ನಮ್ಮ ದಾಸರದಂತ, ಎಲ್ಲೋ ಕೇಳಿದ್ದೆ” ಎಂದು ಭಜನೆಯ ಹೆಂಗಸರಿಗೆ ಹೇಳಿಕೊಟ್ಟರು. ಇಂದಿರಕ್ಕನವರ ಕಣ್ಣಲ್ಲಿ ನೀರು ಬಂತು. “ದಾಸರಿಗಲ್ಲದ ಇನ್ಯಾರಿಗೆ ಬರ್ತದ್ರೀ ಇಂಥ ಮಾತು!” ಎಂದರು.

ಪದ ಓಣಿಯಿಂದ ಓಣಿಗೆ ಹೋಯಿತು. ನೀರು ಸೇದುವವರು ಹಾಡಿದರು, ತೊಟ್ಟಿಲು ತೂಗುವವರು ಹಾಡಿದರು. ತಮ್ಮ ಕೋಣೆಯ ಕತ್ತಲನ್ನು ಊರೆಲ್ಲ ಹಾಡುತ್ತಿರುವಾಗ ಗೋದಾಬಾಯಿ ಮಾತ್ರ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಮೊದಲಿಗಿಂತ ಈಗ ಹೆಚ್ಚು ಒಂಟಿಯೆನಿಸುತ್ತಿತ್ತು.

ಮುಂದಿನ ಏಕಾದಶಿಯ ಸಂಜೆ ಇಂದಿರಕ್ಕ ಆ ಪದವನ್ನು ದಾಸರ ಮುಂದೆಯೇ ಎತ್ತಿಕೊಂಡರು. ಗೋದಾಬಾಯಿ ಕಂಬದ ಹಿಂದಕ್ಕೆ ಇನ್ನಷ್ಟು ಸರಿದು ಕೂತರು. ದಾಸರು ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು. ಕೊನೆಯ ನುಡಿ ಬಂತು:

ಎರಡನೆ ಎಲೆಯನು ಹಾಸಿಹೆನಯ್ಯಾ
ಬಾರೋ ತೀರವಿಠಲಾ

ದಾಸರ ಕೈ ಏಳಲಿಲ್ಲ. ಹೆಸರಿನ ಮೇಲೂ ತಾಳ ಬಿತ್ತು, ಮುಂದಕ್ಕೆ ಹೋಯಿತು.

‘ಗೊತ್ತಾಗಿಬಿಟ್ಟಿತು’ ಎಂದುಕೊಂಡರು ಗೋದಾಬಾಯಿ.

ಇಂದಿರಕ್ಕ ಕೈಮುಗಿದು, “ತಮ್ಮ ಈ ಪದಾ ಊರಾಗ ಎಲ್ಲಾರ ಬಾಯಾಗೂ ಅದ ಸ್ವಾಮಿ” ಎಂದರು.

“ಇದು ನಮ್ಮದಲ್ಲ ತಾಯಿ” ಎಂದರು ದಾಸರು.

ಮಂಟಪದಲ್ಲಿ ಗುಸುಗುಸು ಎದ್ದಿತು. ಇಂದಿರಕ್ಕ ಹಿಂದಕ್ಕೆ ತಿರುಗಿ, “ಗೋದಾಬಾಯಿ! ದಾಸರದು ಅಂತ ನೀವ ಹೇಳಿದ್ರಲ್ಲ?” ಎಂದರು. ಎಲ್ಲ ಮುಖಗಳೂ ಕಂಬದ ಕಡೆ ತಿರುಗಿದವು. ಮಂಟಪದ ಮೆಟ್ಟಿಲು ಪಕ್ಕದಲ್ಲೇ ಇತ್ತು. ಇಳಿದು ಹೋಗಿಬಿಟ್ಟರೆ ಕತ್ತಲಲ್ಲಿ ಯಾರೂ ಹಿಂದೆ ಬರುತ್ತಿರಲಿಲ್ಲ. ಆಮೇಲೆ ಆ ಪದವೂ ಅವರ ಹಿಂದೆ ಬರುತ್ತಿರಲಿಲ್ಲ.

ದಾಸರು ಕಣ್ಣು ತೆರೆಯದೆಯೇ ಹೇಳಿದರು: “ನಾವು ಹುಟ್ಟಾ ಮಂದಿ ಮನಿಯಾಗ ಉಂಡವರು. ಒಬ್ಬರಿಗೆ ಎಷ್ಟು ಅಕ್ಕಿ ಬೇಕಂತ ನಮಗ ತಿಳೀದು. ತಿಳಿದವರು ಹೇಳಲಿ, ಕೇಳೋಣು.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಬರೀ ಹಸಿವಿತ್ತು. ಗೋದಾಬಾಯಿ ಎದ್ದು ನಿಂತರು. ಕಂಬವನ್ನು ಹಿಡಿದ ಕೈ ಬಿಡಲಾಗಲಿಲ್ಲ. ಹಿಡಿದುಕೊಂಡೇ ಶುರುಮಾಡಿದರು. ಒಂದೆರಡು ಕಡೆ ಸ್ವರ ತಪ್ಪಿತು. ಯಾರೂ ನಗಲಿಲ್ಲ. ದಾಸರ ತಾಳ ಅವರ ಉಸಿರಿಗಾಗಿ ಕಾದು ಕಾದು ನಡೆಯಿತು. ಕೊನೆಯ ನುಡಿ ಬಂತು. ಎರಡನೆಯ ಎಲೆ ಹಾಸಿದ್ದಾಯಿತು.

“ಬಾರೋ...”

ಅಲ್ಲಿಗೆ ನಿಂತುಹೋಯಿತು. ದಾಸರ ಹೆಸರನ್ನು ಹೇಳಲು ಇನ್ನು ಬಾಯಿ ಬಾರದು. ತಮ್ಮದೆಂಬ ಹೆಸರು ಇಲ್ಲ. ಆದರೆ ದಾಸರ ಕೈ ನಿಲ್ಲಲಿಲ್ಲ. ಏನೂ ಇಲ್ಲದ ಆ ಜಾಗಕ್ಕೂ, ಅಲ್ಲೊಂದು ಹೆಸರಿದ್ದರೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತೂ ತಾಳ ಬಿತ್ತು. ಆಮೇಲೆಯೇ ಕೈ ಮೊಣಕಾಲ ಮೇಲೆ ಬಂದು ಕೂತಿತು.

ಇಂದಿರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ತಾವು ಕೂತಲ್ಲಿಂದ ಒಂದಿಷ್ಟು ಸರಿದು ಪಕ್ಕದಲ್ಲಿ ಜಾಗ ಮಾಡಿದರು.

ಗೋದಾಬಾಯಿ ಅಲ್ಲಿ ಕೂರಲಿಲ್ಲ. ಮೊದಲ ಸಲ ಕಂಬ ಬಿಟ್ಟು ಮುಂದೆ ನಡೆದು, ದಾಸರ ಚಾಪೆಯ ಎದುರು ನಿಂತು ಸೆರಗೊಡ್ಡಿದರು.

“ಇನ್ನೂ ಪದಗಳವ ಸ್ವಾಮಿ. ಎಲ್ಲಾದಕ್ಕೂ ಕೊನಿಗೆ ಹಿಂಗ ಖಾಲಿ. ನನಗೊಂದು ಅಂಕಿತ ಕೊಡ್ರಿ.”

ದಾಸರ ಕಣ್ಣು ಮುಚ್ಚಿಯೇ ಇತ್ತು. ಗೋದಾಬಾಯಿಯವರ ಮುಂದಿನ ಪದಕ್ಕೆ ಕಾದಂತೆ ಕೈ ಮಾತ್ರ ಮೊಣಕಾಲಿನಿಂದ ಒಂದಿಷ್ಟು ಮೇಲೆದ್ದಿತ್ತು.